ಕಪ್ಪು ಮೂರರಿಂದ ಕಪ್ಪು ನಾಲ್ಕಕ್ಕೆ

ಫ್ಲಾಪಿಯಲ್ಲಿದ್ದ ಹಾಡು, ಕ್ಯಾಸೆಟ್ಟಿನಲ್ಲಿದ್ದ ಹಾಡು, ಎರಡೂ ಒಂದೇ. ಎರಡನ್ನೂ ಮಾಡಿದವನು ನಾನೇ. ಆದರೂ ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಇಟ್ಟು ಒಟ್ಟಿಗೆ ಬಿಟ್ಟರೆ, ಎರಡು ಸಾಲು ಮುಗಿಯುವುದರೊಳಗೆ ಒಂದು ಮುಂದೆ ಓಡಿಹೋಗುತ್ತಿತ್ತು, ಇನ್ನೊಂದು ಹಿಂದೆ ಉಳಿಯುತ್ತಿತ್ತು. ಈ ಬೇಸಿಗೆಯಲ್ಲಿ ನನ್ನನ್ನು ದಣಿಸಿದ್ದು ಆ ಅಂತರ. ಅದು ಎಲ್ಲಿಂದ ಬಂತು, ಎಲ್ಲಿಗೆ ಒಯ್ಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಜಗತ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲೆ ನನ್ನ ರೆಕಾರ್ಡಿಂಗ್ ಕೋಣೆ ಇದೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕಮಲಾಪುರದಿಂದ ತಾಯಿ, ಮಗಳು ಬಂದರು. ತಾಯಿಯನ್ನು ಮೆಟ್ಟಿಲಿನ ಮೇಲೇ ಗುರುತು ಹಿಡಿದೆ. ಇಪ್ಪತ್ತೈದು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಎಂಟು ಪದ ಹಾಡಿ ಹೋದ ಅಕ್ಕ. ಹುಣ್ಣಿಮೆಗೆ ಬುದ್ಧ ವಿಹಾರದಲ್ಲಿ ಹೆಂಗಸರು ಕೂಡಿ ಹಾಡುವ ಪದಗಳು ಅವು, ಅವರೇ ಕಟ್ಟಿದವು. ಆ ಕ್ಯಾಸೆಟ್ ಬೀದರಿನ ತನಕ ಹೋಗಿತ್ತು. ಸಂತೆಯಲ್ಲಿ, ಟೆಂಪೋದಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಹೋದರೂ ಅಕ್ಕನ ದನಿ. ಸಣ್ಣಗೆ, ಚೂಪಾಗಿ, ಹದಿನಾರು ವರ್ಷದ ಹುಡುಗಿಯ ದನಿಯ ಹಾಗೆ. ಆ ದನಿ ಮಾಡಿಕೊಟ್ಟವನು ನಾನು ಎಂದು ಎಷ್ಟು ಮಂದಿಯ ಮುಂದೆ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಈಗ ಅಕ್ಕ ಮಾತಾಡಲಿಲ್ಲ. ಕೈಯಲ್ಲಿ ನೀರಿನ ಬಾಟಲಿ. ಒಂದು ಗುಟುಕು ಕುಡಿಯುವುದು, ಮುಚ್ಚಳ ಹಾಕುವುದು, ಮತ್ತೆ ತೆಗೆಯುವುದು. ಮಗಳೇ ಹೇಳಿದಳು. ಅವಳು ಕಮಲಾಪುರದ ಆಸ್ಪತ್ರೆಯಲ್ಲಿ ನರ್ಸ್.

"ಕಾಕಾ, ಅವ್ವನ ಗಂಟಲದಾಗ ಗಂಟು ಆಗ್ಯಾವ. ಡಾಕ್ಟರ್ ತಿಂಗಳತನ ಹಾಡು ಬಂದ್ ಮಾಡ್ಯಾರ. ಆಮ್ಯಾಲ ಹಾಡಿದ್ರೂ ಏರು ದನಿ ಬ್ಯಾಡ ಅಂದಾರ. ಏರಿಸಿದ್ರ ಇದ್ದದ್ದೂ ಹೋಗ್ತದಂತ."

"ಹಂಗಾದ್ರ ಬುದ್ಧ ಪೂರ್ಣಿಮಿಗಿ?"

"ಅದಕ್ಕೇ ಬಂದೀವಿ."

ಅವಳು ಮೊಬೈಲ್ ತೆಗೆದು ಮೇಜಿನ ಮೇಲಿಟ್ಟಳು. ಹಳೇ ಕ್ಯಾಸೆಟ್ಟಿನ ಅರ್ಧ ನಿಮಿಷದ ದನಿಯನ್ನು ಅದರೊಳಗಿನ ಹಾಡು ಕಟ್ಟುವ ಆ್ಯಪಿಗೆ ಕೇಳಿಸಿ, ಅವ್ವ ಹೊಸದಾಗಿ ಕಟ್ಟಿದ ಪದದ ಎರಡು ಸಾಲು ಬರೆದು ಕೊಟ್ಟಿದ್ದಳಂತೆ. ಮೊಬೈಲ್ ಹಾಡಿತು. ಅದೇ ಸಣ್ಣ ದನಿ, ಅದೇ ಚೂಪು. ಅಕ್ಕ ಎಂದೂ ಹಾಡದ ಸಾಲು.

"ಹತ್ತು ನಿಮಿಷದಾಗ ಮಾಡ್ಯದ ಕಾಕಾ. ಆದ್ರ ಹಿಂದಿನ ಬಾಜಾ ಸುಮಾರು ಅದ. ನೀವು ಬರೋಬ್ಬರಿ ಮಾಡಿ ಕೊಡ್ರಿ. ನಾಕು ಪದ. ಅವತ್ತ ಅವ್ವ ಮೈಕ್ ಮುಂದ ನಿಂತು ಬರೇ ತುಟಿ ಆಡಸ್ತಾಳ."

ಅಕ್ಕ ಬಾಟಲಿಯ ಮುಚ್ಚಳ ನೋಡುತ್ತಿದ್ದಳು.

ಹತ್ತು ನಿಮಿಷ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಬ್ಯಾಂಡಿನವರ ಹಿಂದೆ ಹತ್ತಿದಾಗ ರಿದಮ್ ಪೆಟ್ಟಿಗೆಯಲ್ಲಿ ಇದ್ದದ್ದೇ ಹತ್ತು ಹನ್ನೆರಡು ತಾಳ. ಒಂದೂ ನಮ್ಮ ಪದಕ್ಕೆ ಒಗ್ಗುತ್ತಿರಲಿಲ್ಲ. ಪದವನ್ನೇ ಎಳೆದು ಅದಕ್ಕೆ ಒಗ್ಗಿಸಬೇಕಾಗಿತ್ತು. ಆಮೇಲೆ ಫ್ಲಾಪಿ ಹಾಕುವ ಕೀಬೋರ್ಡ್ ಬಂತು. ಒಂದೊಂದು ಪೆಟ್ಟು, ಒಂದೊಂದು ಸ್ವರ ನಿಲ್ಲಿಸಿ ನಿಲ್ಲಿಸಿ ತುಂಬಬೇಕು. ಒಂದು ಪದಕ್ಕೆ ನಾಲ್ಕು ದಿನ. ಕಂಪ್ಯೂಟರ್ ಬಂದ ಮೇಲೆ ಎಲ್ಲಿಯೋ ಯಾರೋ ಬಾರಿಸಿದ ಢೋಲಕ್ಕಿನ ತುಂಡನ್ನು ತಂದು ಅಂಟಿಸುವುದು. ಒಂದು ಪದಕ್ಕೆ ಒಂದು ದಿನ. ಪ್ರತಿ ಸಲವೂ ಕಲಿತದ್ದನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಕಲಿತಿದ್ದೇನೆ. ಕಲಿಸುವವರು ಯಾರೂ ಇರಲಿಲ್ಲ. ಈ ಮೊಬೈಲ್ ನೋಡಿದಾಗ ಮಾತ್ರ ಕುರ್ಚಿಯಿಂದ ಏಳುವುದೇ ಬೇಡ ಅನಿಸಿತು.

ಆದರೂ "ಮಾಡಿ ಕೊಡ್ತೀನಿ" ಅಂದೆ. ಮೊಬೈಲಿನ ಹಿನ್ನೆಲೆಯ ಬಾಜಾ ಸುಮಾರಾಗಿದೆ ಎಂದು ಮಗಳು ಹೇಳಿದ್ದು ನನಗೆ ಹಿಡಿಸಿತ್ತು. ನನ್ನ ಹಳೇ ಫ್ಲಾಪಿಯೊಳಗಿನ ಬಾಜಾವನ್ನೇ ತೆಗೆದು ಕಟ್ಟುತ್ತೇನೆ, ಮೂಲದಲ್ಲಿ ಹೇಗಿತ್ತೋ ಹಾಗೆ ಎಂದು ಹೆಮ್ಮೆಯಿಂದ ಹೇಳಿದೆ. ಹೊಸ ಪದ ಮುಟ್ಟುವ ಮೊದಲು, ಕ್ಯಾಸೆಟ್ಟಿನಲ್ಲಿ ಎಲ್ಲರ ಬಾಯಲ್ಲಿ ನಿಂತ ಪದವೊಂದನ್ನು ಮಾಡಿ ನೋಡುವುದು ಎಂದಾಯಿತು. ಶಾಲೆಗೆ ಹೊರಟ ಮಗಳಿಗೆ ತಾಯಿ ಹೇಳುವ ಪದ ಅದು.

ಕೀಬೋರ್ಡ್ ಹಾಸಿಗೆ ಬಟ್ಟೆಯ ಕೆಳಗೆ ಎಂಟು ವರ್ಷದಿಂದ ಮಲಗಿತ್ತು. ಸ್ವಿಚ್ ಹಾಕಿದರೆ ದೀಪ ಬಂತು, ಫ್ಲಾಪಿ ಮಾತ್ರ ತಿರುಗಲಿಲ್ಲ. ಬಿಚ್ಚಿ, ಫ್ಲಾಪಿ ತಿರುಗಿಸುವ ಭಾಗವನ್ನು ಕೈಚೀಲಕ್ಕೆ ಹಾಕಿಕೊಂಡು ರೋಜಾ ಬಡಾವಣೆಗೆ ಹೋದೆ. ದರ್ಗಾದ ಹತ್ತಿರ ಒಬ್ಬ ರೇಡಿಯೋ ಮೆಕ್ಯಾನಿಕ್ ಇದ್ದಾನೆ, ನನ್ನ ವಾರಿಗೆಯವನು. ಕ್ಯಾಸೆಟ್ಟಿನ ಕಾಲದಿಂದ ನನ್ನ ಎಲ್ಲ ಮಶೀನುಗಳ ಹೊಟ್ಟೆ ಬಗೆದವನು. ಒಳಗಿನ ರಬ್ಬರ್ ಪಟ್ಟಾವನ್ನು ಚಿಮಟಿಗೆಯಿಂದ ಎತ್ತಿ ಹಿಡಿದ. ಅದು ಕಪ್ಪಗೆ ಎಳೆ ಎಳೆಯಾಗಿ ಜೋತುಬಿತ್ತು.

"ದೇಖೋ ಮಾಸ್ತರ್, ಪಟ್ಟಾ ಬೆಲ್ಲದ ಪಾಕ ಆಗ್ಯದ."

"ಬ್ಯಾರೇದು ಸಿಗ್ತದೇನು?"

"ಇದಕ್ಕ ಸಿಗ್ತದ್ರಿ. ವಾಕ್‌ಮನ್ನಿಂದು ಹಾಕ್ತೀನಿ. ನಿಮ್ಮ ಹೊಟ್ಟಿ ಪಟ್ಟಾ ಸಡಲ ಆಗ್ಯದಲ್ಲಾ, ಅದಕ್ಕ ಸ್ಪೇರ್ ಸಿಗಂಗಿಲ್ಲ."

"ನಿಂದೇನು ಬಿಗಿ ಅದೇನು?"

"ನಂದು ಹೋಗೀನೇ ಹತ್ತು ವರ್ಷ ಆತು. ದಾರ ಕಟಗೊಂಡು ತಿರಗಾಕತ್ತೀನಿ."

ಹಳೇ ಪಾಕವನ್ನು ಸ್ಪಿರಿಟ್ಟಿನಿಂದ ಒರೆಸಿ ಹೊಸ ಪಟ್ಟಾ ಕೂರಿಸಲು ಅರ್ಧ ದಿನ ಹಿಡಿಯಿತು. ಕೋಣೆಗೆ ತಂದು ಜೋಡಿಸಿದೆ. ಮೊದಲ ಫ್ಲಾಪಿ ಓದಲಿಲ್ಲ. ಕರಕರ ಅಂದು ನಿಂತಿತು. ಎರಡನೆಯದನ್ನು ಹಾಕಿ, ತೆಗೆದು, ಅದರ ತಗಡಿನ ಬಾಗಿಲು ನಾಲ್ಕು ಸಲ ಸರಿಸಿ ಮತ್ತೆ ಹಾಕಿದೆ. ಓದಿತು. ಆ ಪದ ಅದರೊಳಗೆ ಇತ್ತು. ಢೋಲಕ್ಕಿನ ಪ್ರತಿ ಪೆಟ್ಟು ನನ್ನ ಬೆರಳಿನದು. ಮೂರನೇ ಪೆಟ್ಟು ಚೂರು ತಡವಾಗಿ ಬೀಳುತ್ತದೆ. ಕಮಲಾಪುರದ ಹೆಂಗಸರು ಚಪ್ಪಾಳೆ ಹಾಗೆಯೇ ಹಾಕುತ್ತಾರೆ. ಅದನ್ನು ನೇರ ಮಾಡುವ ಗುಂಡಿ ಆಗಲೇ ಆ ಕೀಬೋರ್ಡಿನಲ್ಲಿತ್ತು, ನಾನು ಒತ್ತಿರಲಿಲ್ಲ. ಆ ಒಂದು ವಿಷಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ಫ್ಲಾಪಿಯ ಬಾಜಾ ಒಂದು ಸಾಲು, ಕ್ಯಾಸೆಟ್ಟಿನ ಹಾಡು ಒಂದು ಸಾಲು. ಬಿಟ್ಟೆ. ಮೊದಲಿಗೆ ಹೇಳಿದ ಅಂತರ ಆಗ ಕಂಡದ್ದು. ಫ್ಲಾಪಿಯ ಲಯ ನಿಮಿಷಕ್ಕೆ ನೂರಾನಾಲ್ಕು ಪೆಟ್ಟು. ಕ್ಯಾಸೆಟ್ಟಿನದು ನೂರಾಹದಿನೇಳರ ಹತ್ತಿರ. ಶ್ರುತಿಯೂ ಬೇರೆ. ಫ್ಲಾಪಿ ಹಾರ್ಮೋನಿಯಮ್ಮಿನ ಮೂರನೇ ಕಪ್ಪು ಮನೆಯಾದ ಕಪ್ಪು ಮೂರರಲ್ಲಿದೆ, ಕ್ಯಾಸೆಟ್ ಒಂದು ಸ್ವರ ಮೇಲಿನ ಕಪ್ಪು ನಾಲ್ಕರಲ್ಲಿ ಹಾಡುತ್ತಿದೆ.

ಟೇಪ್ ಡೆಕ್ಕಿನ ಮೋಟಾರು ಜೋರು ಓಡುತ್ತಿರಬೇಕು ಅಂದುಕೊಂಡೆ. ಡೆಕ್ಕನ್ನು ಹೊತ್ತು ಮತ್ತೆ ರೋಜಾಕ್ಕೆ. ಮೆಕ್ಯಾನಿಕ್ ಓಟ ಅಳೆಯುವ ಕ್ಯಾಸೆಟ್ ಹಾಕಿ ನೋಡಿದ. ಓಟ ಸರಿ ಇತ್ತು. ನಂಬಿಕೆ ಬಾರದೆ ಇನ್ನೊಂದು ಡೆಕ್ಕಿನಲ್ಲಿ ಹಾಕಿಸಿದೆ. ಅದೂ ಅಷ್ಟೇ.

"ಮಶೀನು ಸುಳ್ಳ ಹೇಳಾಕತ್ತಿಲ್ಲ ಮಾಸ್ತರ್," ಅಂದ ಅವನು. "ಕ್ಯಾಸೆಟ್ಟೇ ಹಂಗ ತುಂಬ್ಯದ. ಯಾರ ತುಂಬ್ಯಾರ?"

ನಾನು ಡೆಕ್ ಹೊತ್ತುಕೊಂಡು ಹೊರಟೆ. ಆ ಬಿಸಿಲಿನಲ್ಲಿ, ದರ್ಗಾದ ಮಂದಿಯ ನಡುವೆ ದಾರಿ ಬಿಡಿಸಿಕೊಂಡು ನಡೆಯುವಾಗ ನೆನಪಾಯಿತು. ಮರೆತಿದ್ದೆ ಎಂದರೆ ಪೂರ್ತಿ ನಿಜವಲ್ಲ. ನೆನಪಿಡಬೇಕಾದ ಸಂಗತಿ ಎಂದು ನನಗೆ ಎಂದೂ ಅನಿಸಿರಲಿಲ್ಲ.

ಆ ಕ್ಯಾಸೆಟ್ ಅರವತ್ತು ನಿಮಿಷದ್ದು. ಒಂದು ಬದಿಗೆ ಮೂವತ್ತು. ನಾಲ್ಕು ನಾಲ್ಕು ಪದ ಎಂದು ಲೆಕ್ಕ. ಒಂದು ಬದಿ ಮೂವತ್ತಮೂರು ನಿಮಿಷಕ್ಕೆ ಹೋಗಿತ್ತು. ಕ್ಯಾಸೆಟ್ ಮಾರುವವನು ಮುಖಪುಟ ಆಗಲೇ ಅಚ್ಚು ಹಾಕಿಸಿದ್ದ, ಎಂಟೂ ಪದದ ಹೆಸರಿನೊಂದಿಗೆ. ಒಂದು ನುಡಿ ಕತ್ತರಿಸೋಣ ಎಂದು ಅಕ್ಕನನ್ನು ಕೇಳಿದೆ. ಶಾಲೆಯ ಪದದ ಕಡೆಯ ನುಡಿ ಉದ್ದ ಇತ್ತು. "ಅದ ನಮ್ಮವ್ವ ಕಟ್ಟಿದ್ದು ಮಾಸ್ತರ. ಅದನ್ನ ಬಿಟ್ಟು ಬ್ಯಾರೆ ಏನರೆ ಕಡೀ," ಅಂದಳು. ಬೇರೆ ನುಡಿಗಳೂ ಒಬ್ಬೊಬ್ಬರು ಕಟ್ಟಿದವು. ಯಾವುದನ್ನು ಕತ್ತರಿಸುವುದು? ನನ್ನ ನಾಲ್ಕು ಟ್ರ್ಯಾಕಿನ ಮಶೀನಿನಲ್ಲಿ ಓಟ ಹೆಚ್ಚು ಕಡಿಮೆ ಮಾಡುವ ಒಂದು ತಿರುಪು ಇತ್ತು. ಕಡೆಯ ಪ್ರತಿ ಇಳಿಸುವಾಗ ಅದನ್ನು ಬಲಕ್ಕೆ ಕೊನೆಯವರೆಗೆ ತಿರುಗಿಸಿದೆ. ಮೂವತ್ತಮೂರು ನಿಮಿಷ ಮೂವತ್ತರೊಳಗೆ ಕೂತಿತು. ಎರಡು ಬದಿಗೆ ಎರಡು ದನಿ ಆಗಬಾರದೆಂದು ಇನ್ನೊಂದು ಬದಿಯನ್ನೂ ಹಾಗೆಯೇ ಇಳಿಸಿದೆ. ಲಯ ಚುರುಕಾಯಿತು, ದನಿ ಸಣ್ಣಗಾಯಿತು. ಮಾರುವವನು ಕೇಳಿ, "ಏ ಮಾಸ್ತರ, ದನಿ ಬೆಳ್ಳಿ ಆಗ್ಯದಲ್ಲೋ" ಅಂದ. ನಾನು ನಕ್ಕೆ. ಹೊಗಳಿಕೆ ಇಟ್ಟುಕೊಂಡೆ.

ಕ್ಯಾಸೆಟ್ ಬಂದ ಮೇಲೆ ಅಕ್ಕ ಒಂದೇ ಸಲ ಕೇಳಿದ್ದಳು, "ಇದು ನಂದೇ ದನಿ ಹೌದೇನು?" ಎಂದು. "ಮಶೀನಿನ್ಯಾಗ ಹಂಗೇ ಕೇಳ್ತದ ಅಕ್ಕಾ" ಅಂದೆ. ಅಷ್ಟೇ ಮಾತು.

ಎರಡು ದಿನ ಕೆಲಸ ಮುಟ್ಟಲಿಲ್ಲ. ಬಚಾವಾಗುವ ದಾರಿ ಕಣ್ಣ ಮುಂದೆಯೇ ಇತ್ತು. ಈಗಿನ ಕಂಪ್ಯೂಟರಿನಲ್ಲಿ ನೂರಾನಾಲ್ಕನ್ನು ಅಳಿಸಿ ನೂರಾಹದಿನೇಳು ಬರೆದರೆ ಬಾಜಾ ಓಡಿ ಹೋಗಿ ಹಾಡನ್ನು ಕೂಡಿಕೊಳ್ಳುತ್ತದೆ. ಯಾರಿಗೂ ತಿಳಿಯುವುದಿಲ್ಲ. ಮಗಳು ತಂದ ಯಂತ್ರಕ್ಕೆ ಕ್ಯಾಸೆಟ್ಟಿನ ದನಿ ಉಣಿಸಿ ನಾಲ್ಕು ಪದ ತೆಗೆದುಕೊಟ್ಟರೆ ಮುಗಿಯಿತು. ಆದರೆ ಹಾಗೆ ಮಾಡಿದರೆ ನಾನು ತಿರುಪಿನಿಂದ ಹುಟ್ಟಿಸಿದ ಆ ಹುಡುಗಿ ಇನ್ನು ಮುಂದೆ ಹೊಸ ಹೊಸ ಪದ ಹಾಡುತ್ತ ಹೋಗುತ್ತಾಳೆ. ಅಕ್ಕ ಅವಳ ಪಕ್ಕದಲ್ಲಿ ನಿಂತು ತುಟಿ ಆಡಿಸುತ್ತಾಳೆ.

ಮೂರನೇ ದಿನ ಕ್ಯಾಸೆಟ್ಟಿನ ಹಾಡನ್ನೇ ಕೆಳಗಿಳಿಸಿದೆ. ನೂರಾಹದಿನೇಳರಿಂದ ನೂರಾನಾಲ್ಕಕ್ಕೆ, ಶ್ರುತಿಯೂ ಜೊತೆಗೇ ಇಳಿಯುವಂತೆ. ಕಪ್ಪು ಮೂರು ಬಂತು. ಗುಂಡಗಿನ, ತೂಕದ ದನಿ ಕೋಣೆಯಲ್ಲಿ ತುಂಬಿತು. ಎದೆಯಿಂದ ಬರುವ ದನಿ, ಸಾಲಿನ ತುದಿಯಲ್ಲಿ ಆತುರವಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಈ ಗೋಡೆಗಳು ಕೇಳಿದ್ದು ಇದನ್ನು. ನಾನೂ ಕೇಳಿದ್ದೆ. ಹೆಡ್‌ಫೋನ್ ತೆಗೆದಿಟ್ಟು ಮಗಳಿಗೆ ಫೋನ್ ಮಾಡಿದೆ.

ಅವಳ ರಜೆಯ ದಿನ ಇಬ್ಬರೂ ಬಂದರು. ಅಕ್ಕನಿಗೆ ಈಗ ಸಣ್ಣಗೆ ಮಾತಾಡಲು ಡಾಕ್ಟರ್ ಹೂಂ ಅಂದಿದ್ದರಂತೆ. ಮೊದಲು ಕ್ಯಾಸೆಟ್ಟಿನ ಓಟದಲ್ಲಿ ಹಾಕಿದೆ. ಅಕ್ಕ ತಲೆಯಾಡಿಸಿದಳು. ಆಮೇಲೆ ಇಳಿಸಿದ್ದನ್ನು ಹಾಕಿದೆ. ಎರಡು ಸಾಲು ಆಗುವುದರೊಳಗೆ ಅಕ್ಕನ ಕೈ ಬಾಟಲಿಯ ಮೇಲೆ ನಿಂತಿತು.

"ಇದು ಯಾರು?" ಅಂದಳು.

"ನೀವೇ ಅಕ್ಕಾ. ಖರೇ ನೀವು ಹಾಡಿದ್ದು ಇದು."

"ಮತ್ತ ಅಕಿ?"

ಹೇಳಿದೆ. ತಿರುಪು, ಮೂವತ್ತು ನಿಮಿಷ, ಕತ್ತರಿಸಲಾಗದ ನುಡಿ, ಎಲ್ಲ. ಹೇಳುವಾಗ ನನ್ನ ದೃಷ್ಟಿ ಕೀಬೋರ್ಡಿನ ಮೇಲಿತ್ತು. ಮುಗಿಸಿದಾಗ ಕೆಳಗೆ ಝೆರಾಕ್ಸ್ ಮಶೀನು ಕಾಗದ ಉಗುಳುವ ಸಪ್ಪಳ ಕೇಳುತ್ತಿತ್ತು.

"ಎಷ್ಟು ತಿರಿವಿದ್ದಿ?" ಅಕ್ಕ ಕೇಳಿದಳು.

"ಕಡೀತನ."

"ಕಡೀತನ." ಅವಳು ಅದನ್ನೇ ಹೇಳಿದಳು. "ನಿನಗ ಗೊತ್ತದೇನು ಮಾಸ್ತರ? ಕ್ಯಾಸೆಟ್ ಬಂದ ಮ್ಯಾಲ ಹೋದ ಹೋದಲ್ಲಿ ಮಂದಿ ಏನಂದ್ರು? 'ಕ್ಯಾಸೆಟ್ಟಿನ್ಯಾಗಿನಂಗ ಹಾಡವಲ್ಲಿ ಯವ್ವಾ, ದನಿ ಇಳದದ ನಿಂದು' ಅಂದ್ರು. ಇಳದದ ಅಂತ! ಹಾರ್ಮೋನಿಯಂ ಬಾರಸೋ ನಮ್ಮ ತಂಗಿ ಕ್ಯಾಸೆಟ್ ಕೇಳಿ ಕೇಳಿ ಪೆಟ್ಟಿಗಿ ಮ್ಯಾಲಿನ ಬೆರಳು ಸರಿಸಿದ್ಲು. ಸಂಗಟ ಹಾಡೋ ಹತ್ತು ಮಂದೀನೂ ಏರಿಸಿದ್ರು. ನಾ ಅಕಿನ ಬೆನ್ನ ಹತ್ತಿ ಓಡೇ ಓಡಿದೆ. ನನ್ನ ಬೆನ್ನ ನಾನೇ."

"ಯವ್ವಾ, ಸಾವಕಾಶ ಮಾತಾಡು," ಮಗಳು ಅಂದಳು.

"ನೀ ಸುಮ್ನಿರು. ನೀನೂ ಅಕಿನ್ನೇ ಮೊಬೈಲಿನ್ಯಾಗ ತುಂಬಕೊಂಡು ಬಂದಿ."

ಮಗಳು ತಲೆ ತಗ್ಗಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ನರ್ಸಿನ ದನಿಯಲ್ಲಿ ಕೇಳಿದಳು. "ಕಾಕಾ, ಆ ಕೆಳಗಿನ ಶ್ರುತೀಲೆ ಹಾಡಿದ್ರ ಅವ್ವಗ ತ್ರಾಸ ಆಗಂಗಿಲ್ಲೇನು?"

"ಡಾಕ್ಟರಿಗಿ ಕೇಳವ್ವಾ, ನಾ ಹ್ಯಾಂಗ ಹೇಳ್ಲಿ. ಆದ್ರ ಆ ದನಿ ಎಲ್ಲೂ ಎಳದಿಲ್ಲ, ಕೇಳು ನೀನೇ." ಇನ್ನೊಮ್ಮೆ ಹಾಕಿದೆ.

ಅಕ್ಕ ಕಡೆಯ ತನಕ ಕೇಳಿದಳು. ತಪ್ಪಾಯಿತು ಅಂದೆ. ಅವಳು ಎದ್ದು ಸೆರಗು ಸರಿ ಮಾಡಿಕೊಂಡು ಹೇಳಿದ್ದು ಇಷ್ಟೇ: "ನಂಗ ಹೇಳಿದ್ರ ಮುಗೀಲಿಲ್ಲ. ಕಮಲಾಪುರಕ್ಕ ಬಾ. ಅಲ್ಲಿ ಹತ್ತು ಮಂದಿ ಅದಾರ, ಅವರಿಗಿ ಹೇಳು. ನಾ ಹೇಳಿದ್ರ ಮುದುಕಿ ದನಿ ಹೋಗ್ಯದ, ನೆವ ಹೇಳಾಕತ್ತಾಳ ಅಂತಾರ."

ಹೋಗಬಾರದು ಅನಿಸಿತು. ಈ ಭಾಗದಲ್ಲಿ ನನ್ನನ್ನು ಮಾಸ್ತರ ಅನ್ನುತ್ತಾರೆ. ಶಾಲೆ ಬಿಟ್ಟವನಿಗೆ ಆ ಒಂದು ಮಾತು ಎಷ್ಟು ದೊಡ್ಡದು ಎಂಬುದು ಶಾಲೆ ಮುಗಿಸಿದವರಿಗೆ ತಿಳಿಯದು. ಇಳಿಸಿದ ಹಾಡನ್ನು ಮೊಬೈಲಿಗೆ ಕಳಿಸಿಬಿಡುತ್ತೇನೆ, ಕೇಳಿಸಿರಿ ಎಂದು ಒಂದು ಸಂದೇಶ ಬರೆದು, ಅಳಿಸಿ, ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಬೆಳಗಿನ ಹುಮನಾಬಾದ್ ಬಸ್ ಹತ್ತಿದೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕಾಲ ಬಳಿ ಸ್ಪೀಕರ್, ತಲೆಯ ಮೇಲಿನ ಸಾಮಾನಿನ ಹಲಗೆಯಲ್ಲಿ ಸಣ್ಣ ಕೀಬೋರ್ಡ್. ಕಮಲಾಪುರದಲ್ಲಿ ಇಳಿದಾಗ ಬಸ್ ನಿಲ್ದಾಣದ ಎದುರು ಕೆಂಪು ಬಾಳೆಯ ಗೊನೆಗಳನ್ನು ಇಳಿಸುತ್ತಿದ್ದರು. ಮಗಳು ಕರೆಯಲು ಬಂದಿದ್ದಳು. ದಾರಿಯಲ್ಲಿ ಹೇಳಿದಳು, ಡಾಕ್ಟರ್ ಗಂಟಲು ನೋಡಿ ತಗ್ಗಿನ ದನಿಯಲ್ಲಿ ದಿನಕ್ಕೆ ಒಂದು ಪದ ಹಾಡಬಹುದು ಅಂದರಂತೆ.

ವಿಹಾರದ ಹಾಲಿನಲ್ಲಿ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಕೆಲವರು ಕೂಲಿಯಿಂದ ಅರ್ಧಕ್ಕೇ ಎದ್ದು ಬಂದವರು, ಕೈಗೆ ಬಾಳೆಯ ಕಲೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಬಾಟಲಿ ಮುಂದಿಟ್ಟುಕೊಂಡು. ನಾನು ಎರಡೂ ಓಟದಲ್ಲಿ ಪದ ಕೇಳಿಸಿ, ನಡೆದದ್ದನ್ನು ಹೇಳಿದೆ. ಯಂತ್ರದ ಮಾತು ಅವರಿಗೆ ತಿಳಿಯಲಿಕ್ಕಿಲ್ಲ ಎಂದು ಅಂಜಿದ್ದೆ. ತಿಳಿಯುವುದಕ್ಕೆ ಹೊತ್ತೇ ಬೇಕಾಗಲಿಲ್ಲ.

"ಅಂದ್ರ ನಮಗ ಇಷ್ಟ ದಿನ ಒದರಿಸಿದವ ನೀನೇ?" ಹಿಂದೆ ಕೂತಿದ್ದ ಒಬ್ಬ ಹೆಂಗಸು ಕೇಳಿದಳು.

"ಹೌದವ್ವಾ."

"ನನ್ನ ಗಂಡ ದಿನಾ ಅಂತಿದ್ದ, ಹಾಡಂತೀರೋ ಕೋಳಿ ಕೊಯ್ತೀರೋ ಅಂತ. ಅವಗೂ ಒಂದ್ಸಲ ಕರದು ಹೇಳು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಹಾರ್ಮೋನಿಯಂ ಮುಂದೆ ಕೂತ ಅವಳ ತಂಗಿ ಕೂಡ ನಗಲಿಲ್ಲ. ತಂಗಿ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಕಪ್ಪು ನಾಲ್ಕರ ಮೇಲೆ ಗುರುತಿಗೆಂದು ಕುಂಕುಮದಷ್ಟು ಸಣ್ಣ ಬಣ್ಣದ ಚುಕ್ಕೆ ಇಟ್ಟಿದ್ದಳು. ಸವೆದು ಅರ್ಧ ಹೋಗಿತ್ತು. ಅವಳು ಬೆರಳನ್ನು ಆ ಚುಕ್ಕೆಯಿಂದ ಎತ್ತಿ, ಪಕ್ಕದ ಬಿಳಿ ಮನೆ ದಾಟಿ, ಎಡಗಡೆಯ ಕಪ್ಪು ಮನೆಯ ಮೇಲೆ ಇಟ್ಟಳು. ತಿದಿ ಒತ್ತಿದಳು.

ನಾನೂ ಕೀಬೋರ್ಡ್ ಬಿಚ್ಚಿದೆ. ಅಭ್ಯಾಸಬಲದಿಂದ ಕೈ ಶ್ರುತಿ ಏರಿಸಿ ಇಳಿಸುವ ಗುಂಡಿಯ ಕಡೆ ಹೋಯಿತು. ಅದನ್ನು ಒತ್ತಿಕೊಂಡರೆ ಯಾವ ಶ್ರುತಿಗೂ ಬೆರಳು ಬದಲಿಸಬೇಕಾಗಿಲ್ಲ.

"ಮಾಸ್ತರ," ಗೋಡೆಯ ಕಡೆಯಿಂದ ಅಕ್ಕ ಅಂದಳು, "ಏನೂ ತಿರಿವಬ್ಯಾಡ."

ಕೈ ಹಿಂದಕ್ಕೆ ತಂದೆ. ಕಪ್ಪು ಮೂರರಲ್ಲಿ ಬೆರಳು ಹುಡುಕಿಕೊಂಡು ಬಾರಿಸಿದೆ. ಎರಡು ಕಡೆ ತಪ್ಪಿದೆ. ಚಪ್ಪಾಳೆಯ ಮೂರನೇ ಪೆಟ್ಟು ಚೂರು ತಡವಾಗಿ ಬಿತ್ತು, ಬೀಳಬೇಕಾದ ಹಾಗೆ. ಅಕ್ಕ ಪದ ಎತ್ತಿಕೊಂಡಳು. ದನಿಯಲ್ಲಿ ಉಸಿರು ಸೇರಿತ್ತು, ಎರಡನೇ ನುಡಿಯಲ್ಲಿ ಒಂದು ಕಡೆ ಒಡೆಯಿತು. ಆದರೆ ಕ್ಯಾಸೆಟ್ ಇಳಿಸಿದಾಗ ನನ್ನ ಕೋಣೆ ತುಂಬಿದ್ದು ಇದೇ ದನಿ. ಮೊದಲ ನುಡಿಗೆ ಜೊತೆಯವರು ಹಳೇ ಓಟದಲ್ಲಿ ಮುಂದೆ ಹೋಗಿಬಿಟ್ಟರು, ನಿಂತರು, ಅವಳಿಗಾಗಿ ಕಾಯ್ದರು. ಎರಡನೇ ನುಡಿಗೆ ಕೂಡಿಕೊಂಡರು.

ನನಗೆ ಗಡಿಯಾರ ನೋಡುವ ಚಟ. ಕ್ಯಾಸೆಟ್ಟಿನಲ್ಲಿ ಆ ಪದ ಏಳು ನಿಮಿಷ ಇಪ್ಪತ್ತೈದು ಸೆಕೆಂಡು. ಅಷ್ಟು ಹೊತ್ತು ಆದಾಗ ಅಕ್ಕ ಇನ್ನೂ ಅವಳವ್ವ ಕಟ್ಟಿದ ಕಡೆಯ ನುಡಿಯ ನಡುವೆ ಇದ್ದಳು. ಹೆಬ್ಬೆಟ್ಟು ಒತ್ತಿದ ತಾಯಿ, ಶಾಲೆಗೆ ಹೊರಟವಳಿಗೆ, ನನ್ನ ಬೆರಳಿನ ಮಸಿಯನ್ನು ನಿನ್ನ ಪೆನ್ನಿನಲ್ಲಿ ತುಂಬಿಕೋ ಅನ್ನುವ ಸಾಲು. ಅದನ್ನು ನನ್ನ ಮುಖ ನೋಡುತ್ತಲೇ ಹಾಡಿದಳು. ನಾನು ಕಣ್ಣು ತಗ್ಗಿಸಲಿಲ್ಲ, ತಗ್ಗಿಸಿದ್ದರೆ ಬೆರಳು ತಪ್ಪುತ್ತಿತ್ತು.

ಪದ ಮುಗಿದಾಗ ಎಂಟು ನಿಮಿಷ ದಾಟಿತ್ತು. ಮಗಳು ಓಡಿ ಹೋಗಿ ಬಾಟಲಿ ಎತ್ತಿ ಅವ್ವನ ಕೈಗೆ ಕೊಟ್ಟಳು. ಅಕ್ಕ ಅದನ್ನು ಮುಚ್ಚಳ ತೆಗೆಯದೆ ನನ್ನ ಕಡೆ ಚಾಚಿದಳು.

"ಕುಡಿ," ಅಂದಳು. "ಬಿಸಲಾಗ ಬಂದಿ."